ಹಳೆ ಕ್ಯಾಂಪರ್ ವ್ಯಾನಿಗೆ ಕ್ರೂಸ್ ಕಂಟ್ರೋಲ್: ಹಿಡಿಸುವುದು ಸುಲಭ, ಬಿಡಿಸುವುದೇ ಕೆಲಸ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಆನಗೋಡು, ಭರಮಸಾಗರ ದಾಟಿಕೊಂಡು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಸಾಗುವ ದಾರಿ. ಹಿರಿಯೂರು, ಶಿರಾ ಎಂದು ಮುಂದುವರಿದರೆ ಬಲಗಾಲು ಆಕ್ಸಿಲರೇಟರ್ ಮೇಲೆ ಗಂಟೆಗಟ್ಟಲೆ ಕೂತಲ್ಲೇ ಕೂತಿರುತ್ತದೆ. ಹಳೆ ಟೆಂಪೋ ಟ್ರಾವೆಲರನ್ನೋ ವಿಂಗರನ್ನೋ ಕೊಂಡು, ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಕ್ಯಾಂಪರ್ ಮಾಡಿಕೊಂಡವರಿಗೆ ಮೊದಲು ನೋಯುವುದು ಆ ಕಾಲಿನ ಮೀನಖಂಡವೇ. ಆಕ್ಸಿಲರೇಟರ್ ಒತ್ತದೆಯೇ ನೀವು ಹೇಳಿದ ವೇಗವನ್ನು ಹಿಡಿದಿಡುವ ಸಾಧನ, ಹೊರಗಿನಿಂದ ಜೋಡಿಸುವ ಕ್ರೂಸ್ ಕಂಟ್ರೋಲ್, ಈ ನೋವಿಗೆ ಒಳ್ಳೆ ಮದ್ದು. ಎರಡು ಭಾನುವಾರ ಸಿಕ್ಕರೆ, ಮಲ್ಟಿಮೀಟರ್ ಹಿಡಿಯಲು ಬಂದರೆ, ಮನೆ ಮುಂದೆಯೇ ಜೋಡಿಸಬಹುದು.

ಆದರೆ ಕೆಲಸದ ಸ್ವರೂಪ ತಲೆಯಲ್ಲಿರಲಿ. ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪಿನ ಲಿವರನ್ನು ಒಂದು ಮೋಟರಿನಿಂದ ಎಳೆದು ಹಿಡಿಸುವುದು ದೊಡ್ಡ ವಿದ್ಯೆಯಲ್ಲ. ಬ್ರೇಕ್ ಮುಟ್ಟಿದ ಕ್ಷಣ, ಕ್ಲಚ್ ಒತ್ತಿದ ಕ್ಷಣ, ವೈರ್ ತುಂಡಾದ ಕ್ಷಣ, ಫ್ಯೂಸ್ ಹೋದ ಕ್ಷಣ ಅದು ತಾನಾಗಿಯೇ ಬಿಟ್ಟುಬಿಡಬೇಕು. ಮುಂದೆ ಹೇಳುವುದರಲ್ಲಿ ದೊಡ್ಡ ಪಾಲು ಆ ಬಿಡುವಿಕೆಯ ಬಗ್ಗೆಯೇ ಇದೆ. ಟ್ರ್ಯಾಕ್ಟರಿನ ಹ್ಯಾಂಡ್ ಆಕ್ಸಿಲರೇಟರ್ ಲಿವರನ್ನು ವ್ಯಾನಿಗೆ ಹಾಕಿಸಿಕೊಂಡು ಅದನ್ನೇ ಕ್ರೂಸ್ ಅನ್ನುವವರಿದ್ದಾರೆ. ಹೊಲದಲ್ಲಿ ಅದು ಸರಿ. ಹೆದ್ದಾರಿಯಲ್ಲಿ ಕುರಿಮಂದೆ ಅಡ್ಡ ಬಂದಾಗ ಬ್ರೇಕ್ ಒತ್ತಿದರೂ ಎಂಜಿನ್ ತಳ್ಳುತ್ತಲೇ ಇರುತ್ತದೆ. ಅದನ್ನು ಮಾಡಬೇಡಿ.

ಮೊದಲು ಪೆಡಲ್ ಕೆಳಗೆ ಬಗ್ಗಿ ನೋಡಿ

ಆಕ್ಸಿಲರೇಟರ್ ಪೆಡಲಿನಿಂದ ಉಕ್ಕಿನ ಕೇಬಲ್ ಅಥವಾ ರಾಡ್ ಎಂಜಿನ್ ಕಡೆ ಹೋಗಿದ್ದರೆ ನಿಮ್ಮದು ಮೆಕ್ಯಾನಿಕಲ್ ಥ್ರಾಟಲ್. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ವ್ಯಾನುಗಳು, ಓಮ್ನಿಯಂಥ ಪೆಟ್ರೋಲ್ ವ್ಯಾನುಗಳು ಈ ಗುಂಪಿಗೆ ಸೇರುತ್ತವೆ. ಇವಕ್ಕೆ ಬೇಕಾದದ್ದು ಸರ್ವೋ, ಅಂದರೆ ಕಾಲಿನ ಬದಲು ಕೇಬಲ್ ಎಳೆಯುವ ಸಾಧನ, ಇರುವ ಕಿಟ್. ಕೇಬಲ್ ಇಲ್ಲದೆ ಪೆಡಲಿನ ತಲೆಯಲ್ಲೇ ಐದಾರು ವೈರಿನ ಪ್ಲಗ್ ಕಂಡರೆ ಅದು ಎಲೆಕ್ಟ್ರಾನಿಕ್ ಪೆಡಲ್. ಕಾಮನ್ ರೈಲ್ (ಕಂಪ್ಯೂಟರ್ ಡೀಸೆಲ್ ಅಳೆಯುವ) ಎಂಜಿನ್ ಬಂದ ನಂತರದ ವ್ಯಾನುಗಳಲ್ಲಿ ಸಾಮಾನ್ಯವಾಗಿ ಇದೇ. ಇದಕ್ಕೆ ಸರ್ವೋ ಬೇಡ, ಕಿಟ್ಟೇ ಬೇರೆ. ಅದರ ಮಾತು ಕೊನೆಗೆ.

ಇನ್ನೊಂದು ನೋಟ ಬ್ಯಾಟರಿ ಕಡೆಗೆ. ಕಿಟ್‌ಗಳು ಬಹುಪಾಲು 12 ವೋಲ್ಟಿಗೆ ಮಾಡಿದವು. ಹಳೆ ಮಿನಿಬಸ್ಸನ್ನು ಕ್ಯಾಂಪರ್ ಮಾಡಿದ್ದರೆ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಇರಬಹುದು. ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ವ್ಯಾನು ಹಳದಿ ಬೋರ್ಡಿನದಾಗಿದ್ದರೆ ಅದರಲ್ಲಿ ಸಾಮಾನ್ಯವಾಗಿ 80 ಕಿ.ಮೀ.ಗೆ ಕಟ್ಟಿದ ವೇಗ ನಿಯಂತ್ರಕ ಇರುತ್ತದೆ. ಅದರ ಸೀಲು, ವೈರು, ಲಿವರು ಯಾವುದನ್ನೂ ಮುಟ್ಟುವಂತಿಲ್ಲ. ಕ್ರೂಸ್ ಕೇಬಲ್ ಅದನ್ನು ತಪ್ಪಿಸಿ ಪಂಪನ್ನು ನೇರ ಎಳೆಯುವಂತೆಯೂ ಇರಕೂಡದು. ಸೀಟು ತೆಗೆದು ಕ್ಯಾಂಪರ್ ಮಾಡಿದ್ದು ಆರ್‌.ಸಿ.ಯಲ್ಲಿ ಇನ್ನೂ ನಮೂದಾಗಿಲ್ಲವೆಂದರೆ, ಬಂಡಿ ಕೆಎ 16 ಆಗಲಿ ಕೆಎ 17 ಆಗಲಿ, ಮೊದಲು ಆ ಕೆಲಸ ಮುಗಿಸಿ.

ಕಿಟ್ ಕೊಳ್ಳುವ ಮುಂಚೆ ವ್ಯಾನಿನ ಆರೋಗ್ಯ

ಕ್ರೂಸ್ ಕಂಟ್ರೋಲ್ ಹಳೆ ರೋಗಗಳನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಎಂಜಿನ್ ಆಫ್ ಮಾಡಿ, ಪಂಪಿನ ಲಿವರನ್ನು ಕೈಯಿಂದ ಪೂರ್ತಿ ಎಳೆದು ತಟ್ಟನೆ ಬಿಡಿ. ಟಕ್ ಎಂದು ವಾಪಸ್ ಬಂದು ಸ್ಟಾಪ್ ಸ್ಕ್ರೂಗೆ ಬಡಿಯಬೇಕು. ತೂಕಡಿಸುತ್ತ ಬಂದರೆ ರಿಟರ್ನ್ ಸ್ಪ್ರಿಂಗ್ ಸೋತಿದೆ, ಇಲ್ಲವೇ ಲಿವರ್ ಶಾಫ್ಟಿನಲ್ಲಿ ಧೂಳು ಗಟ್ಟಿಯಾಗಿದೆ. ನಮ್ಮ ಎರೆಮಣ್ಣಿನ ಧೂಳು ಡೀಸೆಲ್ ಜಿನುಗಿಗೆ ಸೇರಿದರೆ ಅಂಟಿನಂತಾಗುತ್ತದೆ. ಡೀಸೆಲ್ ಹಚ್ಚಿದ ಬ್ರಷ್ಷಿನಿಂದ ತೊಳೆದು, ಸ್ಪ್ರಿಂಗ್ ಹೊಸದು ಹಾಕಿ. ಸರ್ವೋ ಎಳೆಯುತ್ತದೆ ಅಷ್ಟೆ. ವಾಪಸ್ ತರುವುದು ಈ ಸ್ಪ್ರಿಂಗೇ.

ಬ್ರೇಕ್ ಲೈಟು ಎರಡೂ ಉರಿಯಬೇಕು. ಸ್ಪೀಡೋಮೀಟರ್ ಮುಳ್ಳು ನಡುಗಿದರೆ ಕೇಬಲ್ ಒಣಗಿದೆ ಅಥವಾ ಒಳಗಿನ ಎಳೆ ಬಿಚ್ಚಿದೆ. ವೇಗದ ಸಂಕೇತವನ್ನು ಆ ಕೇಬಲಿನಿಂದ ತೆಗೆಯುವ ಯೋಚನೆಯಿದ್ದರೆ ಅದು ಮೊದಲು ಬದಲಾಗಲಿ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಎಂಜಿನ್ ಪ್ರತಿ ಎಳೆತಕ್ಕೂ ಹೊರಳಿ ಕೇಬಲನ್ನು ತಾನೇ ಜಗ್ಗುತ್ತದೆ, ಆಮೇಲೆ ಯಾವ ಹೊಂದಿಕೆಯೂ ನಿಲ್ಲುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು.

ಯಾವ ಕಿಟ್, ಏನೇನು ಸಾಮಾನು

ಕೇಬಲ್ ಎಳೆಯುವ ಕಿಟ್‌ಗಳಲ್ಲಿ ಎರಡು ಜಾತಿ. ಹಳೆಯದು ವ್ಯಾಕ್ಯೂಮ್‌ನಿಂದ ಎಳೆಯುವ ಡಯಾಫ್ರಮ್, ಈಗಿನದು ಎಲೆಕ್ಟ್ರಿಕ್ ಮೋಟರ್ ಸರ್ವೋ. ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಪುಕ್ಕಟೆ ಸಿಗುತ್ತದೆ. ಡೀಸೆಲ್ಲಿನಲ್ಲಿ ಹಾಗಲ್ಲ. ಅಲ್ಲಿರುವ ವ್ಯಾಕ್ಯೂಮ್, ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೆಂದು ಬೇರೆ ಪಂಪ್ ತಯಾರಿಸುವಂಥದ್ದು. ಆ ಪೈಪಿಗೆ ಮೂರು ಬಾಯಿಯ ಟೀ ಜೋಡಣೆ ಹಾಕಿ ಕ್ರೂಸಿಗೆ ಕೊಟ್ಟರೆ, ಎಲ್ಲೋ ಒಂದು ರಬ್ಬರ್ ಪೈಪ್ ಬಿರಿದ ದಿನ ಬ್ರೇಕ್ ಕಲ್ಲಾಗುತ್ತದೆ. ಆದ್ದರಿಂದ ಡೀಸೆಲ್ ವ್ಯಾನಿಗೆ ಎಲೆಕ್ಟ್ರಿಕ್ ಸರ್ವೋ ಒಂದೇ ಸರಿಯಾದ ಆಯ್ಕೆ. ಅಗ್ಗಕ್ಕೆ ಸಿಕ್ಕಿತೆಂದು ವ್ಯಾಕ್ಯೂಮ್ ಕಿಟ್ ತರಬೇಡಿ.

ಎಲೆಕ್ಟ್ರಿಕ್ ಸರ್ವೋದೊಳಗೆ ಮೋಟರಿಗೂ ಕೇಬಲ್ ರಾಟೆಗೂ ನಡುವೆ ವಿದ್ಯುತ್ಕಾಂತದ ಒಂದು ಪುಟ್ಟ ಕ್ಲಚ್ ಇರುತ್ತದೆ. ಕರೆಂಟ್ ನಿಂತರೆ ಆ ಕ್ಲಚ್ ಬಿಡುತ್ತದೆ, ಲಿವರ್ ವಾಪಸ್ ಓಡುತ್ತದೆ. ವೈಪರ್ ಮೋಟರ್, ಸ್ಕ್ರೂ ತಿರುಗಿ ಚಾಚುವ ಆಕ್ಚುಯೇಟರ್ ಇವುಗಳಲ್ಲಿ ಅದಿಲ್ಲ. ಕರೆಂಟ್ ಹೋದರೆ ಇದ್ದಲ್ಲೇ ನಿಲ್ಲುತ್ತವೆ. ಅಂಥವುಗಳಿಂದ ಮನೆಯಲ್ಲೇ ಕ್ರೂಸ್ ಕಟ್ಟುವ ವಿಡಿಯೋ ನೋಡಿ ಮರುಳಾಗಬೇಡಿ.

ಕಿಟ್‌ನಲ್ಲಿ ಸರ್ವೋ, ಅದರ ಕೇಬಲ್, ಮಣಿ ಸರಪಳಿ, ಹ್ಯಾಂಡಲ್ ಸ್ವಿಚ್, ವೈರಿನ ಕಟ್ಟು ಬರುತ್ತವೆ. ವೇಗ ಅಳೆಯುವ ಮ್ಯಾಗ್ನೆಟ್ ಮತ್ತು ಪಿಕಪ್ (ಮ್ಯಾಗ್ನೆಟ್ ಹಾದುಹೋದದ್ದನ್ನು ಗುರುತಿಸುವ ಸೆನ್ಸರ್) ಕೆಲವು ಕಿಟ್‌ಗಳಲ್ಲಿ ಒಳಗೇ ಇರುತ್ತವೆ, ಕೆಲವಕ್ಕೆ ಬೇರೆ ಕೊಳ್ಳಬೇಕು. ದಾವಣಗೆರೆಯ ಹಳೆ ಪಿ.ಬಿ. ರಸ್ತೆಯ ಕಡೆ ಹೊರಟರೆ ಉಳಿದ ಸಾಮಾನಿಗೆ ಈ ಪಟ್ಟಿ ಒಯ್ಯಿರಿ:

- 25×25×3 ಮಿ.ಮೀ. ಕಬ್ಬಿಣದ ಆಂಗಲ್, ಒಂದೂವರೆ ಅಡಿ
- 8 ಮಿ.ಮೀ. ಬೋಲ್ಟ್ 4, 6 ಮಿ.ಮೀ. ಬೋಲ್ಟ್ 4, ಎಲ್ಲಕ್ಕೂ ನೈಲಾಕ್ ನಟ್ ಮತ್ತು ವಾಷರ್
- 1 ಚದರ ಮಿ.ಮೀ. ಆಟೋ ವೈರ್: ಕೆಂಪು 5 ಮೀಟರ್, ಕಪ್ಪು 3 ಮೀಟರ್, ಬೇರೆ ಬಣ್ಣ 5 ಮೀಟರ್
- ವೈರ್ ಮುಚ್ಚಲು ಸುಕ್ಕು ಪೈಪ್ 6 ಮೀಟರ್, ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ 3
- ಪೆಡಲಿಗೆ ಪ್ಲಂಜರ್ ಸ್ವಿಚ್ 2: ಪೆಡಲ್ ಸುಮ್ಮನಿದ್ದಾಗ ಕರೆಂಟ್ ಸಾಗಬೇಕು, ಒತ್ತಿದಾಗ ಕಡಿಯಬೇಕು
- ಬೇಸ್ ಸಮೇತ 12 ವೋಲ್ಟ್ ಐದು ಪಿನ್ನಿನ ರಿಲೇ 1 (ಎಲ್‌ಇಡಿ ಬ್ರೇಕ್ ಲೈಟ್ ಇದ್ದರೆ ಮಾತ್ರ)
- ವೈರಿನ ಮಧ್ಯೆ ಹಾಕುವ ಫ್ಯೂಸ್ ಹೋಲ್ಡರ್ 1
- ಹೀಟ್ ಶ್ರಿಂಕ್ ಸ್ಲೀವ್, ಕೇಬಲ್ ಟೈ 20, ಸ್ಪ್ಲಿಟ್ ಪಿನ್ ನಾಲ್ಕಾರು

ಇನ್ಸುಲೇಷನ್ ಟೇಪನ್ನು ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದೆ. ಏಪ್ರಿಲ್ ಬಿಸಿಲಿಗೆ ಎಂಜಿನ್ ಪಕ್ಕ ಅದರ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಸ್ಲೀವ್ ಏರಿಸಿ, ಇಲ್ಲವೇ ಒಳ್ಳೆ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ.

ಸರ್ವೋ ಕೂರಿಸುವುದು, ಸರಪಳಿ ಕಟ್ಟುವುದು

ಕೆಲಸದ ಒಳಿತು ಕೆಡುಕು ತೀರ್ಮಾನವಾಗುವುದು ಇಲ್ಲಿ. ಜಾಗ ಹುಡುಕಲು ಅರ್ಧ ದಿನ ಹೋದರೂ ನಷ್ಟವಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ ಶುರುಮಾಡಿ.

ಸರ್ವೋ ಬಾಡಿಯ ತಗಡಿಗೆ ಅಥವಾ ಚಾಸಿಗೆ ಬಿಗಿಯಾಗಬೇಕು. ಎಂಜಿನ್ ಮೇಲೆ ಬೇಡ, ನಡುಕಕ್ಕೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಬೆಸುಗೆ ಬಿರಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಕನಿಷ್ಠ 25 ಸೆಂ.ಮೀ. ದೂರವಿರಲಿ. ಚಕ್ರ ಎರಚುವ ನೀರು ತಾಗದಿರಲಿ. ಕೇಬಲ್ ಹೊರಬರುವ ಮೂತಿ ಕೆಳಮುಖವಾಗಿ ಅಥವಾ ಅಡ್ಡಲಾಗಿ ಇರಲಿ, ಮೇಲ್ಮುಖವಾದರೆ ಮಳೆನೀರು ಕೇಬಲ್ ಗುಂಟ ಒಳಗಿಳಿಯುತ್ತದೆ. ಎಂಜಿನ್ ಕ್ಯಾಬಿನ್ನಿನೊಳಕ್ಕೆ ಬಂದಿರುವ ವ್ಯಾನುಗಳಲ್ಲಿ ಎಂಜಿನ್ ಕವರ್ ತೆಗೆದರೆ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು) ಪಕ್ಕದಲ್ಲಿ ಎರಡು ಅಂಗೈ ಅಗಲದ ಜಾಗ ಸಾಮಾನ್ಯವಾಗಿ ಸಿಗುತ್ತದೆ. ತೂತು ಕೊರೆಯುವ ಮುನ್ನ ತಗಡಿನ ಆಚೆ ಬದಿ ಏನಿದೆ ನೋಡಿ. ಬ್ರೇಕ್ ಪೈಪಿಗೆ ಡ್ರಿಲ್ ಬಿಟ್ಟವರಿಗೆ ಆ ದಿನದ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಕೇಬಲಿನ ಬಾಗು 15 ಸೆಂ.ಮೀ. ತ್ರಿಜ್ಯಕ್ಕಿಂತ ಚೂಪಾಗಬಾರದು. ಲಿವರ್ ತಲುಪುವ ಕೊನೆಯ ಗೇಣು ನೇರವಾಗಿರಬೇಕು, ಎಳೆತದ ದಿಕ್ಕು ಪೆಡಲಿನ ಕೇಬಲ್ ಎಳೆಯುವ ದಿಕ್ಕಿನಲ್ಲೇ ಇರಬೇಕು. ಆಂಗಲ್ ತುಂಡಿನಿಂದ ಬ್ರಾಕೆಟ್ ಮಾಡಿ ಹೊರಗವಚವನ್ನು ಅದಕ್ಕೆ ಬಿಗಿ ಮಾಡಿ. ಈ ಬ್ರಾಕೆಟ್ ಮಾತ್ರ ಎಂಜಿನ್ ಮೇಲೆ, ಪಂಪಿನ ಹತ್ತಿರ ಇರಬೇಕು. ಆಗ ಎಂಜಿನ್ ಅಲುಗಿದರೂ ಲಿವರೂ ಬ್ರಾಕೆಟ್ಟೂ ಒಟ್ಟಿಗೆ ಅಲುಗುತ್ತವೆ, ಕೇಬಲ್ ಎಳೆಯಲ್ಪಡುವುದಿಲ್ಲ.

ಕೇಬಲ್ ತುದಿಗೂ ಲಿವರಿಗೂ ನಡುವೆ ಮಣಿ ಸರಪಳಿ ಹಾಕುವುದಕ್ಕೆ ಕಾರಣವಿದೆ. ನೀವು ಕಾಲಿನಿಂದ ಪೆಡಲ್ ಒತ್ತಿದಾಗ ಲಿವರ್ ಸರ್ವೋ ಕಡೆಗೆ ಸರಿಯುತ್ತದೆ. ಗಟ್ಟಿ ಕಡ್ಡಿಯಿದ್ದರೆ ಅದು ಸರ್ವೋವನ್ನು ತಳ್ಳುತ್ತದೆ ಅಥವಾ ಮಡಚಿ ಸಿಕ್ಕಿಬೀಳುತ್ತದೆ. ಸರಪಳಿಯಾದರೆ ಸುಮ್ಮನೆ ಸಡಿಲಾಗುತ್ತದೆ. ಪೆಡಲ್ ಕೇಬಲ್ ಕೂತ ಪಿನ್ನಿನಲ್ಲೇ ಇದನ್ನು ತುರುಕಬೇಡಿ. ಲಿವರಿನಲ್ಲಿ ಬೇರೆ ತೂತಿದ್ದರೆ ಅದನ್ನು ಬಳಸಿ, ಇಲ್ಲವಾದರೆ ಲಿವರಿಗೆ ಚಿಕ್ಕ ಕ್ಲಾಂಪ್ ಹಾಕಿ.

ಈಗ ಅಳತೆ. ಬಹಳ ಸರ್ವೋಗಳು ಸುಮಾರು 38 ಮಿ.ಮೀ. ಎಳೆಯುತ್ತವೆ. ಪಂಪ್ ಲಿವರ್ ಐಡಲ್‌ನಿಂದ (ಪೆಡಲ್ ಒತ್ತದಾಗಿನ ಸ್ಥಾನದಿಂದ) ಪೂರ್ತಿ ತೆರೆಯಲು ಎಷ್ಟು ಸರಿಯುತ್ತದೆ ಎಂದು ಸ್ಕೇಲ್ ಹಿಡಿದು ನೋಡಿ. ಲಿವರಿನ ಓಟ 50 ಮಿ.ಮೀ. ಇದ್ದರೆ ಸರಪಳಿಯನ್ನು ಲಿವರಿನ ಬುಡದ ಕಡೆಗೆ ಕಟ್ಟಿ, ಓಟ ತಗ್ಗುತ್ತದೆ. 25 ಮಿ.ಮೀ. ಮಾತ್ರ ಇದ್ದರೆ ತುದಿಯ ಕಡೆಗೆ ಕಟ್ಟಿ. ಎಂಜಿನ್ ಐಡಲ್‌ನಲ್ಲಿದ್ದಾಗ ಸರಪಳಿಯಲ್ಲಿ 3 ಮಿ.ಮೀ. ಸಡಿಲ, ಅಂದರೆ ಹೆಚ್ಚುಕಮ್ಮಿ ಒಂದು ಮಣಿಯಷ್ಟು ಇರಲಿ. ಸಡಿಲವೇ ಇಲ್ಲದಿದ್ದರೆ ಐಡಲ್ ಏರುತ್ತದೆ. ನಾಲ್ಕೈದು ಮಣಿಯಷ್ಟಿದ್ದರೆ ಸೆಟ್ (ಈಗಿನ ವೇಗ ಹಿಡಿ ಎನ್ನುವ ಬಟನ್) ಒತ್ತಿದಾಗ ವ್ಯಾನಿನ ವೇಗ ಮೊದಲು ಬಿದ್ದು ಆಮೇಲೆ ಏರುತ್ತದೆ.

ಕಟ್ಟಿ ಮುಗಿದ ಮೇಲೆ ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಬಿಡಲಿ, ಇನ್ನೊಬ್ಬರು ಸರಪಳಿ ನೋಡಲಿ. ಹತ್ತು ಸಲ. ಸಡಿಲಾದ ಸರಪಳಿ ಬೋಲ್ಟಿನ ತಲೆಗೋ ಸ್ಪ್ರಿಂಗಿನ ಸುರುಳಿಗೋ ಒಮ್ಮೆ ಸಿಕ್ಕಿದರೂ ದಾರಿ ಬದಲಿಸಿ.

ವೇಗದ ಸಂಕೇತ

ವ್ಯಾನು ಎಷ್ಟು ಓಡುತ್ತಿದೆ ಎಂದು ಕಿಟ್ಟಿಗೆ ತಿಳಿಯಲು ಮೂರು ದಾರಿ. ಎಲೆಕ್ಟ್ರಾನಿಕ್ ಸ್ಪೀಡೋಮೀಟರ್ ಇದ್ದರೆ ಗೇರ್‌ಬಾಕ್ಸಿನ ಸೆನ್ಸರ್ ವೈರಿನಿಂದ ತೆಗೆದರಾಯಿತು. ಕೇಬಲ್ ಸ್ಪೀಡೋಮೀಟರ್ ಇದ್ದರೆ ಗೇರ್‌ಬಾಕ್ಸಿಗೂ ಕೇಬಲಿಗೂ ನಡುವೆ ಕೂರುವ ಪಲ್ಸ್ ಜನರೇಟರ್ (ಪ್ರತಿ ಸುತ್ತಿಗೆ ಇಷ್ಟೆಂದು ಕರೆಂಟಿನ ಮಿಡಿತ, ಅಂದರೆ ಪಲ್ಸ್, ಕೊಡುವ ಭಾಗ) ಸಿಗುತ್ತದೆ. ಅದರ ತಿರುಪಿನ ಗೆರೆ (ಥ್ರೆಡ್) ನಿಮ್ಮ ಕೇಬಲಿನ ನಟ್ಟಿಗೆ ಹೊಂದಬೇಕು, ಹಳೆ ಕೇಬಲನ್ನೇ ಅಂಗಡಿಗೆ ಒಯ್ದು ತಿರುಗಿಸಿ ನೋಡಿ. ಜಪಾನಿ ಮೂಲದ ಗಾಡಿಗಳಲ್ಲಿ ಆ ಕೇಬಲ್ ಕಿಲೋಮೀಟರಿಗೆ ಸಾಮಾನ್ಯವಾಗಿ 637 ಸುತ್ತು ಸುತ್ತುತ್ತದೆ. ನಾಲ್ಕು ಪಲ್ಸಿನ ಜನರೇಟರ್ ಹಾಕಿದರೆ ಕಿಲೋಮೀಟರಿಗೆ 2548 ಪಲ್ಸ್.

ಎರಡೂ ಆಗದಿದ್ದರೆ, ಗೇರ್‌ಬಾಕ್ಸಿನಿಂದ ಹಿಂಚಕ್ರಗಳಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇರುವ ವ್ಯಾನಾದರೆ, ಅದಕ್ಕೆ ಮ್ಯಾಗ್ನೆಟ್. ಎರಡು ಮ್ಯಾಗ್ನೆಟ್ ಎದುರುಬದುರು, ಒಂದೇ ತೂಕದವು, ಪಿಕಪ್ ಕಡೆಗೆ ಒಂದೇ ಧ್ರುವ. ಅವನ್ನು ಗೇರ್‌ಬಾಕ್ಸಿನ ತುದಿಯಲ್ಲೇ ಕಟ್ಟಿ. ಹಿಂದಿನ ಆಕ್ಸಲಿನ ಡಿಫ್ರೆನ್ಷಿಯಲ್ ತುದಿ ಪಟ್ಟಾ ಸ್ಪ್ರಿಂಗಿನ ಜೊತೆ ಮೇಲೆ ಕೆಳಗೆ ಕುಣಿಯುತ್ತದೆ, ರಸ್ತೆಯ ಉಬ್ಬಿನ ಮೇಲೆ ಹಾರಿದಾಗ ಅಂತರ ಬದಲಾಗಿ ಪಲ್ಸ್ ತಪ್ಪುತ್ತದೆ. ಪಿಕಪ್ಪಿಗೂ ಮ್ಯಾಗ್ನೆಟ್ಟಿಗೂ ಅಂತರ ಕಿಟ್‌ನ ಹಾಳೆ ಹೇಳಿದಷ್ಟು ಇರಲಿ. 10 ಮಿ.ಮೀ. ಒಳಗಿದ್ದರೆ ಬಹುಪಾಲು ಸರಿಹೋಗುತ್ತದೆ.

ಬರೀ ಅಂಟು ನಂಬಬೇಡಿ. 80 ಕಿ.ಮೀ. ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ 2,500 ಸುತ್ತಿನ ಆಸುಪಾಸಿನಲ್ಲಿ ಸುತ್ತುತ್ತದೆ. ಕೇಂದ್ರದಿಂದ 40 ಮಿ.ಮೀ. ದೂರ ಕೂತ 10 ಗ್ರಾಂ ಮ್ಯಾಗ್ನೆಟ್ ಆಗ ಸುಮಾರು 3 ಕೆ.ಜಿ. ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ತುಕ್ಕು ಕೆರೆದು, ಥಿನ್ನರಿನಿಂದ ಒರೆಸಿ, ಅಂಟಿಸಿ, ಮೇಲೆ ಸ್ಟೀಲ್ ಪಟ್ಟಿ ಬಿಗಿಯಿರಿ. ಪಟ್ಟಿಯ ಸ್ಕ್ರೂ ಒಂದೇ ಬದಿಗೆ ಭಾರವಾಗದಂತೆ ಎರಡು ಪಟ್ಟಿ ಹಾಕಿ ಸ್ಕ್ರೂಗಳನ್ನು ಎದುರುಬದುರು ಇಡಿ.

ಇನ್ನು ಲೆಕ್ಕ. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ನೆಲಕ್ಕೂ ಹಾಕಿ, ನ್ಯೂಟ್ರಲ್‌ನಲ್ಲಿ ನೇರವಾಗಿ ತಳ್ಳಿ. ಒಂದು ಸುತ್ತಿಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆಯಿರಿ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತು ಎಂದು ಇನ್ನೊಬ್ಬರು ಪಕ್ಕದಿಂದ ಎಣಿಸಲಿ. ಒಂದೇ ಚಕ್ರ ಜಾಕಿ ಎತ್ತಿ ತಿರುಗಿಸಿ ಎಣಿಸಿದರೆ ಡಿಫ್ರೆನ್ಷಿಯಲ್ ದೆಸೆಯಿಂದ ಅರ್ಧ ಲೆಕ್ಕ ಬರುತ್ತದೆ, ತುಂಬಾ ಜನ ಎಡವುವುದು ಅಲ್ಲೇ. 215/75 ಆರ್ 15 ಟೈರಾದರೆ ಒಂದು ಸುತ್ತಿಗೆ ಸುಮಾರು 2.14 ಮೀಟರ್, ಕಿಲೋಮೀಟರಿಗೆ 467 ಸುತ್ತು. ಡಿಫ್ರೆನ್ಷಿಯಲ್ ಅನುಪಾತ 4.1 ಎಂದಿಟ್ಟುಕೊಂಡರೆ ಶಾಫ್ಟ್ ಸುಮಾರು 1,915 ಸುತ್ತು, ಎರಡು ಮ್ಯಾಗ್ನೆಟ್ಟಿಗೆ 3,830 ಪಲ್ಸ್.

ಕಿಟ್‌ನ ಚಿಕ್ಕ ಸ್ವಿಚ್ಚುಗಳನ್ನು ಹೊಂದಿಸುವಾಗ ಒಂದು ಹಳ್ಳ ಇದೆ. ಅಮೆರಿಕದ ಕಿಟ್‌ಗಳು ಪಲ್ಸನ್ನು ಮೈಲಿಗೆ ಎಣಿಸುತ್ತವೆ, ಕಿಲೋಮೀಟರಿಗಲ್ಲ. 3,830ನ್ನು 1.609ರಿಂದ ಗುಣಿಸಿದರೆ ಸುಮಾರು 6,160. ಆಯ್ಕೆ 4,000 ಮತ್ತು 8,000 ಇದ್ದರೆ 8,000 ಇಡಿ. ಗುಣಿಸುವುದನ್ನು ಮರೆತವರು 4,000 ಇಟ್ಟು, ಹಿಡಿತ ಯಾಕೋ ಒರಟು ಎಂದು ತಿಂಗಳುಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ.

ವೈರಿಂಗ್: ಬ್ರೇಕು ಮತ್ತು ಕ್ಲಚ್ಚು

ವೈರಿನ ಬಣ್ಣ ಕಿಟ್ಟಿನಿಂದ ಕಿಟ್ಟಿಗೆ ಬೇರೆ. ಬಣ್ಣ ನಂಬದೆ ಕಿಟ್‌ನ ಹಾಳೆ ನೋಡಿ. ಕರೆಂಟನ್ನು ಕೀ ಆನ್ ಮಾಡಿದಾಗ ಮಾತ್ರ ಬರುವ ಜಾಗದಿಂದ, ಸ್ಟಾರ್ಟಿಂಗ್ ಬ್ಯಾಟರಿಯ ಸಾಲಿನಿಂದಲೇ ತೆಗೆಯಿರಿ. ಫ್ರಿಡ್ಜ್, ಲೈಟಿಗೆಂದು ಹಿಂದೆ ಇಟ್ಟ ಎರಡನೇ ಬ್ಯಾಟರಿಯಿಂದ ತೆಗೆದರೆ ಕೀ ಆಫ್ ಮಾಡಿದರೂ ಸರ್ವೋ ಜೀವಂತ ಇರುತ್ತದೆ. ಹಾಳೆ ಹೇಳಿದ ಫ್ಯೂಸ್ ಹಾಕಿ. ಅದು ಹೇಳದಿದ್ದರೆ 5 ಆಂಪಿಯರಿನಿಂದ ಶುರುಮಾಡಿ. ಅರ್ಥಿಂಗ್ ಬಣ್ಣ ಕೆರೆದ ಬರಿ ಲೋಹಕ್ಕೆ.

ಬ್ರೇಕ್ ಲೈಟ್ ಸ್ವಿಚ್ಚಿಗೆ ಎರಡು ವೈರ್. ಒಂದರಲ್ಲಿ ಸದಾ ಬ್ಯಾಟರಿ ಕರೆಂಟು, ಇನ್ನೊಂದು ಬಲ್ಬಿಗೆ ಹೋಗುತ್ತದೆ. ಕಿಟ್‌ನ ಬ್ರೇಕ್ ವೈರ್ ಸೇರಬೇಕಾದದ್ದು ಬಲ್ಬಿನ ಕಡೆಯದಕ್ಕೆ. ಪೆಡಲ್ ಸುಮ್ಮನಿರುವಾಗ ಆ ವೈರಿಗೆ ಬಲ್ಬಿನ ತಂತಿಯ ಮೂಲಕ ಅರ್ಥ್ ಕಾಣುತ್ತದೆ. ಮೀಟರಿನಲ್ಲಿ ಅಳೆದರೆ 1 ಓಮಿಗಿಂತ ಕಡಿಮೆ ಇರಬೇಕು. ಒತ್ತಿದಾಗ 12 ವೋಲ್ಟ್. ಬಲ್ಬೆರಡೂ ಸುಟ್ಟರೆ ಅಥವಾ ವೈರ್ ಕಡಿದರೆ ಅರ್ಥ್ ಕಾಣುವುದಿಲ್ಲ, ಆಗ ಕಿಟ್ ಹಿಡಿಯಲು ನಿರಾಕರಿಸುತ್ತದೆ. ಇದನ್ನು ತೊಂದರೆ ಎಂದು ತಿಳಿದು ಮೋಸ ಮಾಡುವ ವೈರಿಂಗ್ ಹುಡುಕಬೇಡಿ. ಅದು ಕಿಟ್‌ನ ಜಾಣತನ.

ಎಲ್‌ಇಡಿ ಬ್ರೇಕ್ ಲೈಟು ಹಾಕಿದವರಿಗೆ ಸಮಸ್ಯೆ ಬರುವುದೂ ಇಲ್ಲೇ. ಎಲ್‌ಇಡಿ ಮೂಲಕ ಅರ್ಥ್ ಕಾಣುವುದಿಲ್ಲ, ಕಿಟ್ ಹಿಡಿಯುವುದೇ ಇಲ್ಲ. ಸುಲಭ ಮಾರ್ಗ ಹಳೆ 21 ವ್ಯಾಟ್ ಬಲ್ಬನ್ನೇ ವಾಪಸ್ ಹಾಕುವುದು, ನಮ್ಮ ಸಲಹೆಯೂ ಅದೇ. ಎಲ್‌ಇಡಿ ಬೇಕೇಬೇಕೆಂದರೆ ಐದು ಪಿನ್ ರಿಲೇ (ಪಿನ್ನಿನ ಪಕ್ಕ ಬರೆದ ಅಂಕಿ ನೋಡಿ): 86ಕ್ಕೆ ಬ್ರೇಕ್ ಲೈಟ್ ವೈರು, 85ಕ್ಕೆ ಅರ್ಥ್, 87ಎಗೆ ಅರ್ಥ್, 87ಕ್ಕೆ ಫ್ಯೂಸ್ ಮೂಲಕ 12 ವೋಲ್ಟ್, 30ರಿಂದ ಕಿಟ್‌ನ ಬ್ರೇಕ್ ವೈರಿಗೆ. ಆದರೆ ಈ ರಿಲೇಯ ಸುರುಳಿ ಸುಟ್ಟ ದಿನ ನೀವು ಬ್ರೇಕ್ ಒತ್ತಿದ್ದು ಕಿಟ್ಟಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಎರಡನೇ ಕಾವಲು ಬೇಕು.

ಆ ಕಾವಲೇ ಪ್ಲಂಜರ್ ಸ್ವಿಚ್ಚುಗಳು. ಒಂದನ್ನು ಬ್ರೇಕ್ ಪೆಡಲಿಗೆ, ಒಂದನ್ನು ಕ್ಲಚ್ ಪೆಡಲಿಗೆ ಕೂರಿಸಿ, ಎರಡನ್ನೂ ಒಂದರ ಹಿಂದೆ ಒಂದು ಬರುವಂತೆ ಸರ್ವೋದ ಕರೆಂಟ್ ವೈರಿನಲ್ಲಿ ಸೇರಿಸಿ. ಯಾವ ಪೆಡಲ್ ಒತ್ತಿದರೂ ಸರ್ವೋಗೆ ಕರೆಂಟೇ ಇಲ್ಲ. ಸ್ವಿಚ್ಚಿನೊಳಗೆ ಸಂಪರ್ಕ ತಪ್ಪಿದರೂ ವೈರ್ ಕಡಿದರೂ ಫಲ ಅದೇ: ಬಿಡುತ್ತದೆ. ಕೆಲವು ಕಿಟ್‌ಗಳಲ್ಲಿ ಹೀಗೆ ಕಡಿದಾಗ ನೆನಪಿಟ್ಟ ವೇಗ ಅಳಿಸಿಹೋಗುತ್ತದೆ, ರೆಸ್ಯೂಮ್ (ಹಿಂದೆ ಹಿಡಿದ ವೇಗಕ್ಕೆ ಮರಳಿಸುವ ಬಟನ್) ಬದಲು ಮತ್ತೆ ಸೆಟ್ ಒತ್ತಬೇಕಾಗುತ್ತದೆ. ಅಷ್ಟು ಸಹಿಸಿಕೊಳ್ಳಿ.

ಪೆಡಲ್ 5ರಿಂದ 10 ಮಿ.ಮೀ. ಇಳಿಯುವಷ್ಟರಲ್ಲಿ ಸ್ವಿಚ್ ಕಡಿಯಬೇಕು. ಕೆಲವು ಹಳೆ ವ್ಯಾನುಗಳಲ್ಲಿ ಬ್ರೇಕ್ ಲೈಟ್ ಸ್ವಿಚ್ ಮಾಸ್ಟರ್ ಸಿಲಿಂಡರಿನಲ್ಲೇ ಕೂತ ಒತ್ತಡದ ಸ್ವಿಚ್. ಎಣ್ಣೆಯಲ್ಲಿ ಒತ್ತಡ ಏರಿದ ಮೇಲಷ್ಟೇ ಅದು ಎಚ್ಚರಾಗುತ್ತದೆ, ಕ್ರೂಸಿಗೆ ಆ ತಡ ಆಗಿಬರುವುದಿಲ್ಲ. ಅಂಥಲ್ಲಿ ಪೆಡಲಿನ ಸ್ವಿಚ್ ಕಡ್ಡಾಯ.

ಕ್ಲಚ್ ಸ್ವಿಚ್ ಬಿಟ್ಟರೆ ಏನಾಗುತ್ತದೆ? ಕ್ಲಚ್ ಒತ್ತಿದ ಕೂಡಲೇ ವೇಗ ಬೀಳುತ್ತದೆ, ಕಿಟ್ ಇನ್ನಷ್ಟು ಎಳೆಯುತ್ತದೆ, ಭಾರವಿಲ್ಲದ ಎಂಜಿನ್ ಕಿರುಚುತ್ತದೆ. ಪೆಟ್ರೋಲ್ ಗಾಡಿಗಳಲ್ಲಿ ಇಗ್ನಿಷನ್ ಕಾಯಿಲಿನಿಂದ ಸುತ್ತಿನ ಸಂಕೇತ ತೆಗೆದು ಕಿಟ್ ಇದನ್ನು ಕಂಡುಹಿಡಿಯುತ್ತದೆ. ಡೀಸೆಲ್ಲಿಗೆ ಕಾಯಿಲ್ ಇಲ್ಲ. ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ ತೆಗೆಯಬಹುದು, ಆದರೆ ಬೆಲ್ಟ್ ಜಾರಿದರೆ ಅದು ಸುಳ್ಳು ಹೇಳುತ್ತದೆ. ಹತ್ತಾರು ರೂಪಾಯಿಯ ಸ್ವಿಚ್ಚೇ ವಾಸಿ.

ಹ್ಯಾಂಡಲ್ ಸ್ವಿಚ್ಚನ್ನು ಸ್ಟೀರಿಂಗ್ ಕಾಲಮ್ಮಿಗೆ, ಇಂಡಿಕೇಟರ್ ಲಿವರಿಗೆ ತಾಗದ ಕಡೆ ಕಟ್ಟಿ. ಮುಖ್ಯ ಆನ್-ಆಫ್ ಕತ್ತಲಲ್ಲೂ ಕೈಗೆ ಸಿಗಬೇಕು. ಪಿಕಪ್ಪಿನ ಎರಡು ವೈರನ್ನು ಒಂದಕ್ಕೊಂದು ಹೊಸೆದು, ಆಲ್ಟರ್ನೇಟರ್ ಮತ್ತು ಇನ್ವರ್ಟರ್ ವೈರಿನಿಂದ ಗೇಣು ದೂರ ಎಳೆಯಿರಿ.

ನಿಂತಲ್ಲೇ ಪರೀಕ್ಷೆ

ಎಂಜಿನ್ ಆಫ್, ಕೀ ಆನ್. ಕಿಟ್‌ನಲ್ಲಿ ತಪಾಸಣೆಯ ಚಿಕ್ಕ ದೀಪವಿದ್ದರೆ ಸೆಟ್, ರೆಸ್ಯೂಮ್, ಬ್ರೇಕ್, ಕ್ಲಚ್ ಒಂದೊಂದಾಗಿ ಒತ್ತಿ ದೀಪ ನೋಡಿ. ವ್ಯಾನನ್ನು ಮೆಲ್ಲಗೆ ತಳ್ಳಿದಾಗ ಪಲ್ಸಿಗೊಮ್ಮೆ ದೀಪ ಮಿನುಗಬೇಕು. ದೀಪವಿಲ್ಲದಿದ್ದರೆ ಮಲ್ಟಿಮೀಟರ್. ಹಿಂದಿನ ಚಕ್ರ ಜಾಕಿ ಎತ್ತಿ, ಗೇರಿಗೆ ಹಾಕಿ ಕ್ರೂಸ್ ಹಿಡಿಸಿ ನೋಡುವ ಚಾಳಿ ಬೇಡ. ಭಾರವಿಲ್ಲದ ಎಂಜಿನ್ ಕ್ಷಣದಲ್ಲಿ ಮಿತಿ ಮೀರುತ್ತದೆ, ಗಾಡಿ ಸ್ಟ್ಯಾಂಡಿನಿಂದ ಜಿಗಿದರೆ ಎದುರಿಗಿದ್ದವರ ಗತಿ ಹೇಳಬೇಕಿಲ್ಲ.

ರಸ್ತೆಯಲ್ಲಿ

ನೀರಿನ ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. 100 ಲೀಟರ್ ಅಂದರೆ 100 ಕೆ.ಜಿ., ಖಾಲಿ ವ್ಯಾನಿನಲ್ಲಿ ಮಾಡಿದ ಹೊಂದಿಕೆ ತುಂಬಿದ ವ್ಯಾನಿಗೆ ಒಗ್ಗುವುದಿಲ್ಲ. ಬೆಳಕು ಹರಿದ ಮೇಲೆ, ದಟ್ಟಣೆ ಏರುವ ಮುಂಚೆ, ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು ಹೆದ್ದಾರಿಗೆ ಬನ್ನಿ. ಹೆಬ್ಬಾಳು ಟೋಲ್ ದಾಟಿದ ಮೇಲೆ ನೇರ ತುಂಡುಗಳು ಸಿಗುತ್ತವೆ. ಊರ ಕೂಡುರಸ್ತೆಗಳಲ್ಲಿ ಎದುರಿನಿಂದಲೇ ಬೈಕ್ ಬರುವುದುಂಟು, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್ ಹಿಂದೀಪವಿಲ್ಲದೆ ಸಾಗುವುದುಂಟು, ಅಲ್ಲಿ ಪ್ರಯೋಗ ಬೇಡ.

ಟಾಪ್ ಗೇರಿನಲ್ಲಿ 60ಕ್ಕೆ ಸೆಟ್ ಒತ್ತಿ. ಕಾಲು ಬ್ರೇಕ್ ಪೆಡಲಿನ ಮೇಲೆಯೇ ತೇಲಿಸಿಟ್ಟುಕೊಂಡು ಅರ್ಧ ನಿಮಿಷ ನೋಡಿ. ಬ್ರೇಕನ್ನು ಕಾಲಿನ ಭಾರದಷ್ಟೇ ಮುಟ್ಟಿ, ಬಿಡಬೇಕು. ಮತ್ತೆ ಸೆಟ್, ಈ ಸಲ ಕ್ಲಚ್. ಎಂಜಿನ್ ಸದ್ದು ಏರದೆ ಇಳಿಯಬೇಕು. ಮತ್ತೆ ಸೆಟ್, ಈ ಸಲ ಮುಖ್ಯ ಸ್ವಿಚ್. ಮೂರೂ ಐದೈದು ಸಲ ತಪ್ಪದೆ ಬಿಟ್ಟ ಮೇಲೆಯೇ ವೇಗ ಹಿಡಿಯುವ ಗುಣದ ಬಗ್ಗೆ ಯೋಚಿಸಿ.

ಒಂದು ವೇಳೆ ಬಿಡದಿದ್ದರೆ ಏನು ಮಾಡಬೇಕೆಂದು ಹೊರಡುವ ಮೊದಲೇ ಬಾಯಿಪಾಠವಿರಲಿ. ಕ್ಲಚ್ ಮತ್ತು ಬ್ರೇಕ್ ಒಟ್ಟಿಗೆ ಒತ್ತಿ, ಮುಖ್ಯ ಸ್ವಿಚ್ ಆಫ್ ಮಾಡಿ. ಆಗಲೂ ಕಿರುಚಿದರೆ ಕೀಯನ್ನು ಒಂದು ಹೆಜ್ಜೆ ಮಾತ್ರ ಹಿಂದಕ್ಕೆ ತಿರುಗಿಸಿ, ಲಾಕ್ ತನಕ ತಿರುಗಿಸಿದರೆ ಸ್ಟೀರಿಂಗ್ ಕಟ್ಟಿಕೊಳ್ಳುತ್ತದೆ. ಎಳೆದು ನಿಲ್ಲಿಸುವ ಸ್ಟಾಪ್ ಹಿಡಿಕೆ ಇರುವ ಡೀಸೆಲ್ಲಾದರೆ ಅದನ್ನೆಳೆಯಿರಿ. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಎರಡು ಮೂರು ಒತ್ತಿಗಾಗುವಷ್ಟು ವ್ಯಾಕ್ಯೂಮ್ ಮಾತ್ರ ಉಳಿದಿರುತ್ತದೆ. ಬ್ರೇಕನ್ನು ಪಂಪ್ ಮಾಡದೆ ಒಂದೇ ಸಮ ಒತ್ತಿ ಹಿಡಿಯಿರಿ.

ವೇಗ ಉಯ್ಯಾಲೆ ಆಡಿದರೆ, ಗಾಳಿಯಾ ಕಿಟ್ಟಾ?

ಸಾಮಾನ್ಯವಾಗಿ ಕಾಣುವ ತಕರಾರು ಎಂದರೆ ಹಿಡಿದ ವೇಗ ಮೇಲೆ ಕೆಳಗೆ ತೂಗುವುದು. ಮೊದಲು ಸರಪಳಿಯ ಸಡಿಲ ನೋಡಿ, ಆಮೇಲೆ ಸ್ಪೀಡೋ ಕೇಬಲ್, ಕೊನೆಗೆ ಗೇನ್ ಸ್ವಿಚ್. ಗೇನ್ ಅಂದರೆ ವೇಗ ಬಿದ್ದಾಗ ಸರ್ವೋ ಎಷ್ಟು ಜೋರಾಗಿ ಎಳೆಯಬೇಕೆಂಬ ಅಳತೆ. ಮೆಕ್ಯಾನಿಕಲ್ ಪಂಪಿಗೆ ಒಂದು ವಿಶೇಷವಿದೆ. ಕೆಲವು ಪಂಪುಗಳ ಗವರ್ನರ್ (ಎಂಜಿನ್ ಸುತ್ತನ್ನು ಕಾಯುವ ಭಾಗ) ಎಲ್ಲ ವೇಗದಲ್ಲೂ ಕೆಲಸ ಮಾಡುತ್ತದೆ: ಲಿವರ್ ಒಂದೆಡೆ ನಿಂತರೆ ಎಂಜಿನ್ ಸುತ್ತನ್ನು ಅದೇ ಹಿಡಿಯಲು ನೋಡುತ್ತದೆ. ಅಂಥಲ್ಲಿ ಲಿವರ್ ಕೂದಲೆಳೆಯಷ್ಟು ಸರಿದರೂ ಎಳೆತ ತುಂಬಾ ಬದಲಾಗುತ್ತದೆ, ಎರಡು ಗವರ್ನರ್ ಒಂದಕ್ಕೊಂದು ಜಗಳಕ್ಕೆ ಬಿದ್ದಂತೆ. ಗೇನ್ ಕನಿಷ್ಠಕ್ಕೆ ಇಳಿಸಿ. ಐಡಲ್ ಮತ್ತು ಗರಿಷ್ಠ ಸುತ್ತನ್ನು ಮಾತ್ರ ಕಾಯುವ ಗವರ್ನರಾದರೆ ಮಧ್ಯಮ ಗೇನ್ ಬೇಕಾಗುತ್ತದೆ. ಒಂದೊಂದೇ ಹೆಜ್ಜೆ ಬದಲಿಸಿ, ಪ್ರತಿ ಸಲ ಅದೇ ರಸ್ತೆಯ ಅದೇ ತುಂಡಿನಲ್ಲಿ ಓಡಿಸಿ ನೋಡಿ.

ಚಿತ್ರದುರ್ಗದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿ ಬೀಸುವಾಗ ಎತ್ತರದ ಛಾವಣಿಯ ಕ್ಯಾಂಪರಿಗೆ ಅಡ್ಡಗಾಳಿಯೂ ಎದುರುಗಾಳಿಯೂ ಒಟ್ಟಿಗೆ ಬಡಿಯುತ್ತವೆ. ಆ ದಿನ ವೇಗ ಮೂರ್ನಾಲ್ಕು ಕಿ.ಮೀ. ಏರಿಳಿದರೆ ಕಿಟ್‌ನ ತಪ್ಪಲ್ಲ. ಗಾಳಿಯಿಲ್ಲದ ಬೆಳಗ್ಗೆ ಇನ್ನೊಮ್ಮೆ ಓಡಿಸದೆ ಸ್ವಿಚ್ ಮುಟ್ಟಬೇಡಿ.

ಹಿಡಿಯುವುದೇ ಇಲ್ಲವೆಂದರೆ ಬ್ರೇಕ್ ಬಲ್ಬು, ಬ್ರೇಕ್ ವೈರಿನ ಅರ್ಥ್, ಪ್ಲಂಜರ್ ಸ್ವಿಚ್ಚು, ಪಲ್ಸು ಎಂಬ ಕ್ರಮದಲ್ಲಿ ನೋಡಿ. ಬಹುತೇಕ ಕಿಟ್‌ಗಳು 40-50 ಕಿ.ಮೀ. ಕೆಳಗೆ ಹಿಡಿಯುವುದಿಲ್ಲ. ನಿಮ್ಮದು 75 ದಾಟಿದ ಮೇಲಷ್ಟೇ ಹಿಡಿದರೆ ಪಲ್ಸ್ ಲೆಕ್ಕ ತಪ್ಪಿದೆ. ಹಿಡಿದು ತಾನಾಗಿಯೇ ಆಗಾಗ ಬಿಟ್ಟರೆ ಪೆಡಲ್ ನಡುಗಿ ಪ್ಲಂಜರ್ ಸ್ವಿಚ್ ಕಡಿಯುತ್ತಿದೆ, ಸ್ವಿಚ್ಚನ್ನು 2 ಮಿ.ಮೀ. ಪೆಡಲಿನ ಕಡೆ ತನ್ನಿ. ಇನ್ವರ್ಟರ್ ಹಾಕಿದಾಗ ಮಾತ್ರ ಜಿಗಿದರೆ ಪಿಕಪ್ ವೈರಿನ ದಾರಿ ಬದಲಿಸಿ.

ಎಲೆಕ್ಟ್ರಾನಿಕ್ ಪೆಡಲ್ ಇರುವವರಿಗೆ

ಪೆಡಲಿನೊಳಗೆ ಎರಡು ಸೆನ್ಸರ್. ಬಹಳ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡು ಪಟ್ಟು. ಎರಡೂ ತಾಳೆಯಾಗದಿದ್ದರೆ ಎಂಜಿನ್ ಕಂಪ್ಯೂಟರ್ ಶಕ್ತಿ ಕಡಿದು ತೆವಳಿಸುತ್ತದೆ. ಆದ್ದರಿಂದ ನಿಮ್ಮ ಪೆಡಲಿನ ಪ್ಲಗ್ಗಿಗೆಂದೇ ಮಾಡಿದ, ಪ್ಲಗ್ಗಿನ ನಡುವೆ ಸೇರುವ ಕಿಟ್ ಸಿಕ್ಕರೆ ಮಾತ್ರ ಹಾಕಿ. ವೈರ್ ಕತ್ತರಿಸಿ ಸೇರಿಸುವ ಕಿಟ್ ಬೇಡ. ಬ್ರೇಕ್ ಮತ್ತು ಕ್ಲಚ್ಚಿನ ಮಾತೆಲ್ಲ ಇಲ್ಲೂ ಹಾಗೆಯೇ ಅನ್ವಯ.

ಬಳಕೆಯಲ್ಲಿ

ಒದ್ದೆ ರಸ್ತೆಯಲ್ಲಿ, ಆಗುಂಬೆಯಂಥ ಘಾಟಿಯಲ್ಲಿ, ಊರೊಳಗೆ ಮುಖ್ಯ ಸ್ವಿಚ್ಚೇ ಆಫ್ ಇರಲಿ. ಕ್ರೂಸಿಗೆ ಬ್ರೇಕ್ ಹಾಕಲು ಬರುವುದಿಲ್ಲ, ಇಳಿಜಾರಿನಲ್ಲಿ ಸೆಟ್ ಮಾಡಿದ ವೇಗ ಮೀರಿಯೇ ಮೀರುತ್ತದೆ. ರೆಸ್ಯೂಮ್ ಬಟನ್ನನ್ನು ಟಾಪ್ ಗೇರಿನಲ್ಲಿ ಮಾತ್ರ ಒತ್ತಿ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುವ ಅಭ್ಯಾಸ ಇರುವವರು ಆ ಅಭ್ಯಾಸವನ್ನೇ ಬಿಡಿ, ನ್ಯೂಟ್ರಲ್‌ನಲ್ಲಿ ರೆಸ್ಯೂಮ್ ಒತ್ತಿದರೆ ಎಂಜಿನ್ ಹಾರಿಬೀಳುತ್ತದೆ.

ಮೊದಲ 500 ಕಿ.ಮೀ. ಆದ ಮೇಲೆ ಎಲ್ಲ ನಟ್ಟು ಒಮ್ಮೆ ಬಿಗಿ ಮಾಡಿ. ಅಲ್ಲಿಂದ ಪ್ರತಿ ಎಣ್ಣೆ ಬದಲಾವಣೆಗೆ ಸರಪಳಿ, ಸ್ಪ್ಲಿಟ್ ಪಿನ್, ಮ್ಯಾಗ್ನೆಟ್ ಪಟ್ಟಿ ನೋಡಿ. ಮ್ಯಾಗ್ನೆಟ್ಟಿಗೆ ಅಂಟಿದ ಕಬ್ಬಿಣದ ಪುಡಿ ಮತ್ತು ಮಣ್ಣನ್ನು ಬಟ್ಟೆಯಿಂದ ಒರೆಸಿ. ಮಣಿ ಸರಪಳಿಗೆ ಗ್ರೀಸ್ ಹಚ್ಚಬೇಡಿ, ಧೂಳು ಹಿಡಿದು ಮಣಿಗಳು ಬಾಗದಂತಾಗುತ್ತವೆ. ಗಾಡಿಯನ್ನು ಬೇರೆಯವರ ಕೈಗೆ ಕೊಡುವಾಗ, ಗ್ಯಾರೇಜಿನ ಹುಡುಗನ ಕೈಗಾದರೂ ಸರಿ, ಮುಖ್ಯ ಸ್ವಿಚ್ ಯಾವುದೆಂದು ತೋರಿಸಿ ಆಫ್ ಮಾಡಿಯೇ ಕೊಡಿ.